ಗಣಕಯಂತ್ರ, ಬಂಡೆಗಲ್ಲು ಮತ್ತು ಕಲಿಕೆ

ನಮ್ಮ ಮನೆತನಗಳ ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳನ್ನು ಸೇರತೊಡಗಿ ಮೂರು ದಶಕಗಳೇ ಸಂದಿವೆ. ಹೊಲ ಒತ್ತೆಯಿಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ ಎಂಜಿನಿಯರಿಂಗ್ ಓದಿಸಿದ ತಂದೆತಾಯಿಗಳು ಇಂದು ಕಳವಳದಿಂದ ಕೇಳುವ ಪ್ರಶ್ನೆ ಒಂದೇ: ಯಂತ್ರವೇ ಪ್ರೋಗ್ರಾಮ್ ಬರೆಯತೊಡಗಿದ ಮೇಲೆ ನಮ್ಮ ಮಕ್ಕಳು ಕಲಿತ ವಿದ್ಯೆಗೆ ಬೆಲೆ ಉಳಿಯುವುದೇ? 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಈ ಪ್ರಶ್ನೆ ಹೆಣ್ಣು-ಗಂಡು ನೋಡುವ ಮಾತುಕತೆಗಳಲ್ಲಿಯೂ ನುಸುಳಿದೆ. ಇದೇ ವೃತ್ತಿಯಲ್ಲಿದ್ದು, ಬಿಡುವಿನ ದಿನಗಳಲ್ಲಿ ಬಂಡೆ ಏರುವ ಹವ್ಯಾಸವನ್ನಿರಿಸಿಕೊಂಡಿರುವ ನಾವು ಈ ಕುರಿತು ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇವೆ. ಬಂಡೆಗೂ ಗಣಕಕ್ಕೂ ಎತ್ತಣ ನಂಟು ಎಂದು ಕೆಲವರು ಹುಬ್ಬೇರಿಸಬಹುದು. ನಂಟು ನಾವು ಕಟ್ಟಿದ್ದಲ್ಲ.

ಅಮೆರಿಕೆಯಲ್ಲಿ 1937ರಲ್ಲಿ ಜನಿಸಿದ ಜಾನ್ ಗಿಲ್ ಅವರು ಗಣಿತದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿದೆಸೆಯಲ್ಲಿ ಜಿಮ್ನಾಸ್ಟಿಕ್ಸ್ ಕಲಿತಿದ್ದ ಅವರು, ಆ ಪಟುಗಳು ಅಂಗೈಗೆ ಬಳಿದುಕೊಳ್ಳುವ ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿಪುಡಿಯನ್ನು 1950ರ ದಶಕದಲ್ಲಿ ಬಂಡೆ ಏರುವುದಕ್ಕೂ ತಂದರು. ಹಿಮಪರ್ವತಗಳನ್ನು ಬಿಟ್ಟು, ಹಗ್ಗವಿಲ್ಲದೆ ಏರಬಹುದಾದ ಗುಂಡುಗಲ್ಲುಗಳ ಮೇಲೆ ಅವರು ಸಾಧನೆ ಮಾಡಿದರು. ಇಂತಹ ಕಿರುದಾರಿಯನ್ನು ಏರುವವರು ತಮ್ಮ ಭಾಷೆಯಲ್ಲಿ ಕರೆಯುವುದು ‘ಪ್ರಾಬ್ಲಮ್’ ಎಂದೇ, ಅಂದರೆ ಲೆಕ್ಕದ ಸಮಸ್ಯೆ. ಬಲಗೈ ಎಲ್ಲಿ, ಎಡಗಾಲು ಎಲ್ಲಿ, ದೇಹದ ಭಾರ ಯಾವ ಕ್ಷಣದಲ್ಲಿ ಯಾವ ಕಡೆಗೆ ವಾಲಬೇಕು ಎಂಬ ಸರದಿಯಲ್ಲಿ ಒಂದು ತಪ್ಪಿದರೂ ಕೆಳಗೆ ಬೀಳುವುದೇ ಸೈ. ಪ್ರೋಗ್ರಾಮ್ ಬರೆಯುವವನ ಕಷ್ಟವೂ ಹೆಚ್ಚುಕಡಿಮೆ ಇದೇ.

ಬೇರೊಬ್ಬರು ಏರುವುದನ್ನು ನೋಡಿ ದಾರಿಯನ್ನು ಕಂಠಪಾಠ ಮಾಡಬಹುದು. ಆದರೆ ನೋಡಿದವನ ಬೆರಳಿಗೆ ಬಲ ಬಾರದು. ಹೊಸಬರಿಗೆ ಕೆಲವೇ ತಿಂಗಳಲ್ಲಿ ತೋಳಿನ ಮಾಂಸಖಂಡ ಬಲಿಯುತ್ತದೆ. ಮಾಂಸಖಂಡವನ್ನು ಎಲುಬಿಗೆ ಬಿಗಿದಿರುವ ಸ್ನಾಯುರಜ್ಜುಗಳು ಮಾತ್ರ ಬಹಳ ನಿಧಾನವಾಗಿ ಗಟ್ಟಿಯಾಗುತ್ತವೆ. ತೋಳಿನ ಬಲವನ್ನು ನಂಬಿ ಅವಸರಪಟ್ಟವರು ಬೆರಳಿಗೆ ಪೆಟ್ಟು ಮಾಡಿಕೊಂಡು ವಾರಗಟ್ಟಲೆ ಮನೆಯಲ್ಲಿ ಕೂರುತ್ತಾರೆ. ಯಂತ್ರದಿಂದ ಉತ್ತರ ಬರೆಯಿಸಿಕೊಂಡು ಕೆಲಸ ಮುಗಿಸುವ ತರುಣರಿಗೂ ಹೀಗೆಯೇ ಆಗುತ್ತಿದೆ ಎಂಬುದು ನಮ್ಮ ಅನಿಸಿಕೆ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ನಡುರಾತ್ರಿ ಹಣ ವರ್ಗಾವಣೆಯ ವ್ಯವಸ್ಥೆಯೊಂದು ಕೆಟ್ಟು ನಿಂತಾಗ ದೋಷ ಎಲ್ಲಿದೆಯೆಂದು ಹುಡುಕಬೇಕಾದವನು ಆ ಬರಹವನ್ನು ಸಾಲುಸಾಲಾಗಿ ಬಲ್ಲವನಾಗಿರಬೇಕು. ಆ ಬಲ್ಲತನ ತಾನೇ ತಪ್ಪಿ, ತಾನೇ ತಿದ್ದಿದವನಿಗಲ್ಲದೆ ಒದಗುವುದಿಲ್ಲ. ಯಂತ್ರವನ್ನು ದೂರವಿಡಬೇಕೆಂದು ನಾವು ಹೇಳುತ್ತಿಲ್ಲ, ನಾವೂ ಅದನ್ನು ದಿನವೂ ಬಳಸುತ್ತೇವೆ. ಮೊದಲ ಎರಡು-ಮೂರು ವರ್ಷ ಮಾತ್ರ, ಸ್ವತಃ ಹೆಣಗಿದ ನಂತರವೇ ಅದನ್ನು ಕೇಳುವುದು ಲೇಸು.

ಅಭ್ಯಾಸವೆಂದರೆ ಗಂಟೆಗಳ ಎಣಿಕೆ ಎಂಬ ಭ್ರಮೆಯೂ ನಮ್ಮಲ್ಲಿ ಬೇರೂರಿದೆ. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳನ್ನು ಕುರಿತು 1993ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ‘ಹತ್ತು ಸಾವಿರ ಗಂಟೆ’ ಎಂಬ ಮಾತು ಹುಟ್ಟಿತು. 2008ರಲ್ಲಿ ಮಾಲ್ಕಂ ಗ್ಲ್ಯಾಡ್‌ವೆಲ್ ಅವರ ಪುಸ್ತಕದಿಂದ ಅದು ಮನೆಮಾತಾಯಿತು. ಎರಿಕ್ಸನ್ ಒತ್ತಿ ಹೇಳಿದ್ದು ಗಂಟೆಗಳನ್ನಲ್ಲ. ತನಗೆ ಬಾರದ ಭಾಗವನ್ನೇ ಆರಿಸಿಕೊಂಡು, ಗುರುವಿನ ಕಣ್ಣೆದುರು ತಿದ್ದಿಕೊಳ್ಳುವ ಸಾಧನೆಯನ್ನು. ಬೆಳಗಿನಿಂದ ರಾತ್ರಿಯವರೆಗೆ ಮಕ್ಕಳನ್ನು ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಅಟ್ಟುವ ಪಾಲಕರು ಇದನ್ನು ಗಮನಿಸಬೇಕು.

ಇದಕ್ಕೆ ಅಮೆರಿಕೆಯ ಯೊಸೆಮಿಟಿ ಕಣಿವೆಯಲ್ಲಿರುವ ಎಲ್ ಕ್ಯಾಪಿಟನ್ ಬಂಡೆಗಿಂತ ಮಿಗಿಲಾದ ನಿದರ್ಶನ ನಮಗೆ ತಿಳಿಯದು. ಸುಮಾರು 900 ಮೀಟರ್ ಎತ್ತರದ ಆ ಬಂಡೆಯ ‘ಡಾನ್ ವಾಲ್’ ಎಂಬ ನುಣುಪುಗೋಡೆಯನ್ನು ಟಾಮಿ ಕಾಲ್ಡ್‌ವೆಲ್ ಮತ್ತು ಕೆವಿನ್ ಜಾರ್ಜ್‌ಸನ್ 19 ದಿನಗಳಲ್ಲಿ ಏರಿ 2015ರ ಜನವರಿ 14ರಂದು ತುದಿ ಮುಟ್ಟಿದರು. ಹಗ್ಗವಿದ್ದದ್ದು ಬಿದ್ದರೆ ಹಿಡಿಯಲು ಮಾತ್ರ. ಏರಿದ್ದು ಕೈಕಾಲುಗಳ ಬಲದಿಂದಲೇ. ಕಾಲ್ಡ್‌ವೆಲ್ಲರು 2001ರಲ್ಲಿಯೇ ಗರಗಸಕ್ಕೆ ಸಿಲುಕಿ ಎಡಗೈ ತೋರುಬೆರಳಿನ ತುದಿಯನ್ನು ಕಳೆದುಕೊಂಡವರು. ಈ ಗೋಡೆಯ ಒಂದೊಂದು ಹಂತವನ್ನೂ ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಜಾರ್ಜ್‌ಸನ್ನರು 15ನೆಯ ಹಂತದಲ್ಲಿ ಮತ್ತೆ ಮತ್ತೆ ಬಿದ್ದರು, ಬೆರಳ ತುದಿಯ ಚರ್ಮ ಹರಿಯಿತು. ಅದು ಮಾಯುವವರೆಗೆ ಸುಮ್ಮನಿದ್ದು ಮರಳಿ ಯತ್ನಿಸಿದರು. ತಮ್ಮ ಪಾಲಿನ ಕಠಿಣ ಹಂತಗಳನ್ನು ದಾಟಿದ್ದ ಕಾಲ್ಡ್‌ವೆಲ್ ಒಬ್ಬರೇ ಶಿಖರ ಸೇರಬಹುದಿತ್ತು. ಅವರು ಗೆಳೆಯನಿಗಾಗಿ ಕಾದರು.

ಮಕ್ಕಳು ಬಂಡೆ ಏರುತ್ತೇವೆಂದರೆ ತಾಯಂದಿರ ಎದೆ ಝಲ್ಲೆನ್ನುವುದು ಸಹಜ. ಆದರೆ ಇದು ಹುಂಬರ ಆಟವಲ್ಲ. ನೆಲ ಬಿಡುವ ಮುನ್ನ ಏರುವವನ ಗಂಟನ್ನು ಹಗ್ಗ ಹಿಡಿಯುವವನೂ, ಹಗ್ಗ ಹಿಡಿಯುವವನ ಸಲಕರಣೆಯನ್ನು ಏರುವವನೂ ಕಣ್ಣಾರೆ ಪರೀಕ್ಷಿಸಬೇಕು. ಇಪ್ಪತ್ತು ವರ್ಷ ಪಳಗಿದವರಿಗೂ ಇದರಿಂದ ವಿನಾಯಿತಿಯಿಲ್ಲ. ಒಳ್ಳೆಯ ಸಾಫ್ಟ್‌ವೇರ್ ತಂಡಗಳಲ್ಲಿಯೂ ಒಬ್ಬರು ಬರೆದುದನ್ನು ಮತ್ತೊಬ್ಬರು ಓದಿ ಒಪ್ಪದೆ ಬಳಕೆಗೆ ಬಿಡುವುದಿಲ್ಲ. ಬರೆದದ್ದು ಯಂತ್ರವೆಂಬ ಕಾರಣಕ್ಕೆ ಈ ಪರೀಕ್ಷೆಯನ್ನು ಸಡಿಲಿಸುವ ರೂಢಿ ಅಲ್ಲಲ್ಲಿ ಕಾಣಿಸುತ್ತಿರುವುದು ನಮಗೆ ಹಿಡಿಸದು.

ಬಂಡೆಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ರಾಮನಗರದ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅಲ್ಲಿ ಪಾದದ ಘರ್ಷಣೆಯೇ ಆಧಾರ. ಬನಶಂಕರಿ ಜಾತ್ರೆಗೆ, ಶಿವಯೋಗಮಂದಿರಕ್ಕೆ ಹೋದವರು ಕಂಡಿರುವ ಬಾದಾಮಿಯ ಕೆಂಪು ಮರಳುಗಲ್ಲು ಪದರಪದರವಾಗಿದ್ದು ಬೆರಳಿಗೆ ಹಿಡಿತ ಕೊಡುತ್ತದೆ. ಕಲಿಯಬಯಸುವ ತರುಣರಿಗೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿ ಶಿಬಿರಗಳನ್ನು ನಡೆಸುತ್ತದೆ. ರಾಮದೇವರಬೆಟ್ಟ 2012ರಿಂದ ರಣಹದ್ದುಗಳ ಧಾಮವಾಗಿರುವುದರಿಂದ ಅಲ್ಲಿಗೆ ಹೋಗುವವರು ಅರಣ್ಯ ಇಲಾಖೆಯ ನಿಯಮಗಳನ್ನು ಮೊದಲೇ ವಿಚಾರಿಸಬೇಕು. ಮಳೆಯಲ್ಲಿ ನೆನೆದ ಮರಳುಗಲ್ಲು ಬಲ ಕಳೆದುಕೊಂಡು ಕೈಯಲ್ಲೇ ಮುರಿದು ಬರುವುದುಂಟು. ಆದ್ದರಿಂದ ಬಾದಾಮಿಗೆ ಮಳೆಗಾಲ ಕಳೆದು, ಕಲ್ಲು ಒಣಗಿದ ಮೇಲೆಯೇ ಹೋಗತಕ್ಕದ್ದು.