ನೋಟ್ಸ್ ಬರೆಯಲಾಗದ ಕಾಲೇಜು ಮಕ್ಕಳಿಗೆ ಮೊಬೈಲ್ ಆಸರೆ, ಪ್ರಮಾಣಪತ್ರವೂ ಇರಲಿ

ಗದಗ: ಬಾಯಿಲೆ ಕೇಳಿದ್ರ ಪಾಠ ಎಲ್ಲಾ ಹೇಳ್ತಾನ, ಬರಿ ಅಂದ್ರ ಅರ್ಧ ಪುಟಕ್ಕ ನಿಂತ್ ಬಿಡ್ತಾನ. ಇಂಥ ಹುಡುಗರಿಗೆ ಮನೆಯಲ್ಲಿ ಸಿಗೋ ಹೆಸರು 'ಮೈಗಳ್ಳ'. ಕೆಲವರಿಗೆ ಇದು ಮೈಗಳ್ಳತನ ಅಲ್ಲ, ಕಲಿಕಾ ನ್ಯೂನತೆ. ಓದುವಾಗ ತೊಡಕಾದರೆ ಡಿಸ್ಲೆಕ್ಸಿಯಾ, ಬರೆಯುವಾಗಾದರೆ ಡಿಸ್‌ಗ್ರಾಫಿಯಾ. ದಡ್ಡತನಕ್ಕೂ ಇದಕ್ಕೂ ಸಂಬಂಧ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಇದೂ ಇದೆ.

ಡಿಗ್ರಿಗೆ ಬಂದ ಮೇಲೆ ಕಷ್ಟ ಹೆಚ್ಚು. ಲೆಕ್ಚರರ್ ಹೇಳ್ತಾ ಹೋಗ್ತಾರೆ. ಕೇಳಬೇಕು, ತಿಳ್ಕೋಬೇಕು, ಬರೀಬೇಕು, ಮೂರೂ ಒಂದೇ ಹೊತ್ತಿಗೆ.

ಕಿರಾಣಿ ಅಂಗಡಿಯವರಿಗೆ ಇದರ ಉಪಾಯ ಗೊತ್ತೇ ಇದೆ. ಗಿರಾಕಿ ಗದ್ದಲದಲ್ಲಿ ಉದ್ರಿ ಲೆಕ್ಕವನ್ನು ಚೀಟಿಯಲ್ಲಿ ಎರಡಕ್ಷರ ಗೀಚಿಟ್ಟು, ರಾತ್ರಿ ಖಾತೆ ಪುಸ್ತಕಕ್ಕೆ ಪೂರ್ತಿ ಬರೆಯುತ್ತಾರೆ. ನೋಟ್ಸೂ ಹಾಗೇ ಮಾಡಬಹುದು. ಲೆಕ್ಚರರ್ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಪಾಠ ರೆಕಾರ್ಡ್ ಮಾಡಿ. ಹಾಳೆಯಲ್ಲಿ ಮುಖ್ಯ ಪದ ಮಾತ್ರ ಬರೆದು, ಪಕ್ಕದಲ್ಲಿ ರೆಕಾರ್ಡಿಂಗ್ ಎಷ್ಟನೇ ನಿಮಿಷದಲ್ಲಿದೆ ಅಂತ ಹಾಕಿ. ಸಂಜೆ ಆ ನಿಮಿಷಕ್ಕೇ ಹೋಗಿ ಕೇಳಿದರೆ ಸಾಕು, ಇಡೀ ತಾಸು ಮತ್ತೆ ಕೇಳೋದು ಬೇಡ. ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ.

ಬರೆಯೋದೇ ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿ, ಮೊಬೈಲ್ ಟೈಪ್ ಮಾಡುತ್ತದೆ. ನಮ್ಮ ಕಡೆ ಮಾತಿಗೆ ಅದು ಆಗಾಗ ತಪ್ಪುತ್ತದೆ, ಒಮ್ಮೆ ತಿದ್ದಬೇಕು. ಅಚ್ಚಾದ ಪುಟದ ಫೋಟೋ ತೆಗೆದರೆ ಓದಿ ಹೇಳುವ ಆ್ಯಪ್‌ಗಳೂ ಇವೆ. ಕೈಬರಹ ಮಾತ್ರ ಅವಕ್ಕೆ ಅಷ್ಟಾಗಿ ತಿಳಿಯಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಗೆಳೆಯರ ನೋಟ್ಸ್ ಎ3 ಹಾಳೆಗೆ ದೊಡ್ಡದು ಮಾಡಿಸಿದರೂ ಕೆಲವರಿಗೆ ಓದು ಹಗುರ.

ಕೇಳಿ ಕಲಿತದ್ದು ವಿದ್ಯೆಯಾ ಅಂತ ಗದಗದವರು ಕೇಳಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ ಕಾಲದಿಂದ ಅಂಧ ಮಕ್ಕಳು ಕಿವಿಯಿಂದಲೇ ಸಂಗೀತ ಕಲಿತಿದ್ದಾರೆ.

ಇನ್ನು ಪರೀಕ್ಷೆ. ಅಲ್ಲಿ ಮೊಬೈಲ್ ನಡೆಯಲ್ಲ, ಕಾಗದವೇ ಬೇಕು. ನ್ಯೂನತೆ ಶೇ 40 ಅಥವಾ ಹೆಚ್ಚು ಎಂಬ ಪ್ರಮಾಣಪತ್ರ ಇದ್ದರೆ, ಕೇಂದ್ರದ ಮಾರ್ಗಸೂಚಿಯಂತೆ ಮೂರು ತಾಸಿನ ಪರೀಕ್ಷೆಗೆ ಕನಿಷ್ಠ ಒಂದು ತಾಸು ಹೆಚ್ಚುವರಿ ಸಮಯ ಕೇಳಬಹುದು. ಬರೆಯಲು ಸಹಾಯಕರನ್ನೂ ಕೇಳಬಹುದು. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ದಾರಿ ಹೇಳುತ್ತಾರೆ. ತಪಾಸಣೆ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡುವ ಬದಲು ಮೊದಲ ಸೆಮಿಸ್ಟರ್‌ನಲ್ಲೇ ಶುರು ಮಾಡಿ, ಪ್ರಮಾಣಪತ್ರದ ನಕಲು ಸೇರಿಸಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟಿಡಿ.