ಪ್ರಯೋಗಶಾಲೆಯ ಸ್ತ್ರೀಯರೂ ನಮ್ಮ ಕಾದಂಬರಿಕಾರರೂ

ಉಡುಪಿಯಲ್ಲಿ ಮಿಶನ್ ಆಸ್ಪತ್ರೆಗೆ ದಾರಿ ಯಾವುದೆಂದು ಕೇಳಿದರೆ ಸಣ್ಣ ಮಕ್ಕಳೂ ತೋರಿಸಿಯಾರು. ಅದನ್ನು 1923ರಲ್ಲಿ ಸ್ಥಾಪಿಸಿದವರು ಯಾರೆಂದು ಕೇಳಿದರೆ ವಿದ್ಯಾವಂತರೂ ತಡವರಿಸುವರು. ಸ್ವಿಟ್ಜರ್ಲೆಂಡಿನಿಂದ ಬಂದ ಡಾಕ್ಟರ್ ಈವಾ ಲೊಂಬಾರ್ಡ್ ಎಂಬ ವೈದ್ಯೆಯೇ ಅದರ ಸಂಸ್ಥಾಪಕಿ. ಆಕೆಯ ಹೆಸರು ಆಸ್ಪತ್ರೆಗಿದೆ. ಜನರ ನಾಲಗೆಯ ಮೇಲಿಲ್ಲ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನನ್ನು ಇಂದಿಗೂ ನೆನೆಯುವ ಈ ಸೀಮೆಯು ನೂರು ವರ್ಷಗಳ ಹಿಂದಿನ ವೈದ್ಯೆಯನ್ನು ಮರೆತುದೇತಕ್ಕೆ?

ಕಾರಣವು ಗೂಢವಾದುದಲ್ಲ. ಅರಸರಿಗೆ ಶಾಸನಗಳಿದ್ದುವು, ಕವಿಗಳಿದ್ದರು. ತರುವಾಯ ಕಾದಂಬರಿಕಾರರೂ ಒದಗಿದರು. ಗಳಗನಾಥರು, ಮಾಸ್ತಿಯವರು, ತ. ರಾ. ಸುಬ್ಬರಾಯರು ಚರಿತ್ರೆಯ ವ್ಯಕ್ತಿಗಳನ್ನು ನಮ್ಮ ನೆರೆಹೊರೆಯವರನ್ನಾಗಿ ಮಾಡಿಕೊಟ್ಟರು. ಪ್ರಯೋಗಶಾಲೆಯಲ್ಲಿ ದುಡಿದ ಸ್ತ್ರೀಗೆ ಈ ಭಾಗ್ಯವು ಲಭಿಸಿದುದು ಅತಿ ವಿರಳ.

ವಸ್ತುವಿಗೇನು ಕೊರತೆಯೇ? 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತ್ ಎಂಬ ತರುಣಿಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಳು. ಆಗಿನ ನಿರ್ದೇಶಕರಾದ ಸರ್ ಸಿ. ವಿ. ರಾಮನ್ನರು ಹೆಂಗಸೆಂಬ ಒಂದೇ ಕಾರಣದಿಂದ ಪ್ರವೇಶವನ್ನು ನಿರಾಕರಿಸಿದರು. ಆಕೆಯು ಸುಮ್ಮನೆ ಹಿಂದಿರುಗಲಿಲ್ಲ. ಪಟ್ಟು ಬಿಡದೆ ಕೇಳಿ, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿಗೆ ಒಪ್ಪಿ, ಒಳಗೆ ಕಾಲಿಟ್ಟಳು. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಹಾಗೂ ಬೇಳೆಕಾಳುಗಳ ಸಸಾರಜನಕವನ್ನು ಪರಿಶೋಧಿಸಿದಳು; 1939ರಲ್ಲಿ ಕೇಂಬ್ರಿಜಿನ ಡಾಕ್ಟರ್ ಪದವಿಯನ್ನೂ ಪಡೆದಳು. ಕಮಲಾ ಸೊಹೊನಿ ಎಂದು ಮುಂದೆ ಪ್ರಸಿದ್ಧರಾದವರು ಈಕೆಯೇ. ಅದೇ ಸಂಸ್ಥೆಗೆ 1943ರಲ್ಲಿ ನಮ್ಮ ಕನ್ನಡ ನಾಡಿನವರೇ ಆದ ರಾಜೇಶ್ವರಿಯವರು ಸೇರಿದರು. ಅಮೆರಿಕದ ಮಿಶಿಗನ್ನಿನಲ್ಲಿ ಉನ್ನತ ವ್ಯಾಸಂಗ ಮಾಡಿ ಬಂದು, ರಾಜೇಶ್ವರಿ ಚಟರ್ಜಿಯೆಂಬ ಹೆಸರಿನಿಂದ, ಸೂಕ್ಷ್ಮತರಂಗಗಳ ವಿದ್ಯೆಯನ್ನು ಅಲ್ಲಿಯೇ ಬೋಧಿಸಿದರು.

ಇವರ ಕಥೆಯನ್ನು ಬರೆಯಹೊರಡುವವರಿಗೆ ನಾವು ಒಂದು ಮಾತನ್ನು ಅರಿಕೆ ಮಾಡಬೇಕಾಗಿದೆ. ರಾಮನ್ನರನ್ನು ರಾಕ್ಷಸರನ್ನಾಗಿಯೂ ಕಮಲೆಯನ್ನು ದೇವತೆಯನ್ನಾಗಿಯೂ ಚಿತ್ರಿಸಿದರೆ ಅದು ಬಯಲಾಟವಾದೀತು, ಚರಿತ್ರೆಯಾಗದು. 1930ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದು ದೇಶದ ಮಾನವನ್ನು ಹೆಚ್ಚಿಸಿದ ಮಹನೀಯರೇ ಮೂರು ವರ್ಷಗಳ ತರುವಾಯ ದೇಶದ ಒಬ್ಬ ಮಗಳಿಗೆ ಬಾಗಿಲು ಮುಚ್ಚಿದರು. ಈ ವೈಚಿತ್ರ್ಯವನ್ನು ಮರೆಮಾಚದೆ ಹೇಳಬಲ್ಲವನೇ ಕಾದಂಬರಿಕಾರನು. ಇಸವಿ, ಪ್ರಯೋಗ, ಫಲಿತಾಂಶ ಇವು ಮೂರನ್ನು ಕಲ್ಪನೆಯು ಮುಟ್ಟಕೂಡದು. ಷರತ್ತಿಗೆ ಒಪ್ಪಿಬಂದ ರಾತ್ರಿ ಆ ತರುಣಿಯು ಏನನ್ನು ಯೋಚಿಸಿದಳು ಎಂಬುದನ್ನು ಯಾವ ಕಡತವೂ ಹೇಳದು; ಅಲ್ಲಿ ಕಲ್ಪನೆಗೆ ಪೂರ್ಣಾಧಿಕಾರವುಂಟು.

ಇದು ಕೇವಲ ಸಾಹಿತ್ಯದ ಚರ್ಚೆಯೆಂದು ವಾಚಕರು ಭಾವಿಸಬಾರದು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಇಂದು ಕಾಪುವಿನಿಂದಲೂ ಕಾರ್ಕಳದಿಂದಲೂ ಹುಡುಗಿಯರು ಬಸ್ಸು ಹತ್ತಿ ಅಲ್ಲಿಗೆ ಓದಲು ಬರುವುದು ನಮಗೆ ದಿನನಿತ್ಯದ ನೋಟ. ತಮಗಾಗಿ ಬಾಗಿಲನ್ನು ತಟ್ಟಿದವರು ಯಾರೆಂಬುದನ್ನು ಅವರಿಗೆ ತಿಳಿಸುವವರು ಯಾರು? ಹಳೆಯ ಮಿಶನ್ ಆಸ್ಪತ್ರೆಯ ಮಾತುಗಳನ್ನು ತಾಯಿ ಅಜ್ಜಿಯರಿಂದ ಕೇಳಿದ ವೃದ್ಧರು ನಮ್ಮ ಊರುಗಳಲ್ಲಿ ಇನ್ನೂ ಉಳಿದಿರಬೇಕು. ಅವರ ನೆನಪು ಅವರೊಡನೆಯೇ ಅಳಿಯುವ ಮುನ್ನ ನಮ್ಮ ತರುಣ ಲೇಖಕರು ಕಾಗದ ಲೇಖನಿಗಳನ್ನು ಹಿಡಿದು ಅವರ ಜಗಲಿಯನ್ನೇರಲಿ. ಅರಸರು ಕಾದಾರು, ಈ ನೆನಪುಗಳು ಕಾಯಲಾರವು.