ಊರಿಗೊಂದು ಚಿತ್ರಭಂಡಾರ

ಅಡಿಕೆ ತೋಟಗಳ ನಡುವಿನ ಹಳ್ಳಿಯೊಂದರಲ್ಲಿ ಕುರೊಸಾವಾನ ‘ರಾಶೋಮನ್’ ತೋರಿಸಿದರೆ ನೋಡುವವರಾರು? ಈ ಪ್ರಶ್ನೆಗೆ ಸಾಗರ ತಾಲ್ಲೂಕಿನ ಹೆಗ್ಗೋಡು ದಶಕಗಳ ಹಿಂದೆಯೇ ಉತ್ತರ ಕೊಟ್ಟಿದೆ. 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನಮ್ಮ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಫಿಲ್ಮ್ ಸೊಸೈಟಿ ಎಂಬುದು ಮಹಾನಗರಗಳ ವಿದ್ಯಾವಂತರ ಹವ್ಯಾಸವೆಂದೇ ಆಗ ಎಲ್ಲರೂ ತಿಳಿದಿದ್ದರು. ಸತ್ಯಜಿತ್ ರಾಯ್ ಮತ್ತು ಗೆಳೆಯರು 1947ರಲ್ಲಿ ಕಟ್ಟಿದ ಸೊಸೈಟಿ ಕಲ್ಕತ್ತೆಯದು. 1971ರ ‘ಸುಚಿತ್ರ’ ಬೆಂಗಳೂರಿನದು. ಒಳ್ಳೆಯ ಸಿನಿಮಾ ಹಳ್ಳಿಗೆ ಅರ್ಥವಾಗದೆಂಬ ಮಾತನ್ನು ಕೆ.ವಿ. ಸುಬ್ಬಣ್ಣ ಒಪ್ಪಲಿಲ್ಲ.

ಒಂದೇ ಘಟನೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಕಥೆ ‘ರಾಶೋಮನ್’. ಊರ ಪಂಚಾಯಿತಿಯ ಕಟ್ಟೆಯಲ್ಲಿ ಜಗಳದ ತೀರ್ಮಾನಕ್ಕೆ ಕುಳಿತವರಿಗೆ ಇದನ್ನು ಯಾರಾದರೂ ವಿವರಿಸಬೇಕೇ?

ಆದರೆ ಚಿತ್ರ ಎಲ್ಲಿಂದ ಬರಬೇಕು? ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಫಿಲ್ಮ್ ಸಂಗ್ರಹಾಲಯ ಈ ದೇಶದ ಚಿತ್ರಸಮಾಜಗಳಿಗೆಲ್ಲ ತವರುಮನೆಯಂತಿತ್ತು. ಅದನ್ನು ಕಟ್ಟಿದ ಪಿ.ಕೆ. ನಾಯರ್, ಚಿತ್ರಗಳನ್ನು ಬೀಗ ಹಾಕಿ ಕಾಯುವುದಷ್ಟೇ ಸಂಗ್ರಹಕಾರನ ಕೆಲಸವೆಂದು ಬಗೆದವರಲ್ಲ. ಪುಸ್ತಕದಂತೆ ಸಿನಿಮಾವನ್ನೂ ಎರವಲು ಕೊಟ್ಟರು. 16 ಎಂ.ಎಂ. ಸುರುಳಿಗಳು ಹಗುರ, ಪ್ರೊಜೆಕ್ಟರನ್ನೂ ಹೊತ್ತೊಯ್ಯಬಹುದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದೂರ್ ಹೆಗ್ಗೋಡಿಗೇ ಬಂದು ರಸಗ್ರಹಣ ಶಿಬಿರ ನಡೆಸಿಕೊಟ್ಟರು. 1983ರಿಂದ 1985ರವರೆಗೆ ‘ಜನಸ್ಪಂದನ’ ಯೋಜನೆ ಸಿನಿಮಾವನ್ನೂ ರಂಗಶಿಬಿರಗಳನ್ನೂ ರಾಜ್ಯದ ಬೇರೆ ಬೇರೆ ಊರುಗಳಿಗೆ ಕೊಂಡೊಯ್ದಿತು. ನೋಡುವುದು, ನೋಡಿದ್ದನ್ನು ಚರ್ಚಿಸುವುದು, ಬಳಿಕ ತಾವೇ ಏನನ್ನಾದರೂ ಕಟ್ಟುವುದು: ಈ ಮೂರನ್ನೂ ಒಟ್ಟಿಗೆ ಇಟ್ಟದ್ದರಲ್ಲೇ ಅದರ ಜಾಣ್ಮೆಯಿತ್ತು.

ಈಗ ಪ್ರಪಂಚದ ಸಿನಿಮಾವೆಲ್ಲ ಅಂಗೈಯಲ್ಲೇ ಇರುವಾಗ ಇವೆಲ್ಲ ಏಕೆ ಎನ್ನುವವರಿದ್ದಾರೆ. ಅಂಗೈಯಲ್ಲಿರುವುದು ನಮ್ಮದಲ್ಲ. ಒಪ್ಪಂದದ ಅವಧಿ ಮುಗಿದೊಡನೆ ಚಿತ್ರವೊಂದು ಆ ತಾಣದಿಂದ ಸದ್ದಿಲ್ಲದೆ ಮರೆಯಾಗುತ್ತದೆ, ಕೇಳಲು ಗ್ರಂಥಪಾಲಕನಿಲ್ಲ. ಒಬ್ಬರೇ ನೋಡಿ ಮುಗಿಸಿದ ಚಿತ್ರದ ಬಗ್ಗೆ ಜಗಳವಾಡಲು ಪಕ್ಕದ ಕುರ್ಚಿಯೂ ಇಲ್ಲ.

ಇದಕ್ಕಿಂತ ದೊಡ್ಡ ನಷ್ಟ ಬೇರೆಯಿದೆ. ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ತೆರೆಕಂಡ ಚಿತ್ರದ ಗತಿಯೇ ಹೀಗಾದರೆ, ಊರೂರುಗಳಲ್ಲಿ 80 ಮತ್ತು 90ರ ದಶಕಗಳಲ್ಲಿ ವಿಎಚ್‌ಎಸ್ ಕ್ಯಾಸೆಟ್ಟಿಗೆ ಇಳಿಸಿಕೊಂಡ ಯಕ್ಷಗಾನ, ಕಂಪನಿ ನಾಟಕ, ಜಾತ್ರೆ, ಮದುವೆಗಳ ಗತಿಯೇನು? ಇಂದು ಇಲ್ಲದ ಕಲಾವಿದರ ಕುಣಿತ, ಇಂದು ಇಲ್ಲದ ಬೀದಿಗಳ ನೋಟ ಆ ಪೆಟ್ಟಿಗೆಗಳಲ್ಲಿವೆ. ಮಲೆನಾಡು, ಕರಾವಳಿಗಳ ತೇವಕ್ಕೆ ಟೇಪುಗಳು ಬೂಷ್ಟು ಹಿಡಿಯುತ್ತವೆ. ಯಾವ ರಾಷ್ಟ್ರೀಯ ಸಂಸ್ಥೆಯೂ ಇವನ್ನು ಹುಡುಕಿಕೊಂಡು ಬರಲಾರದು. ಪುಣೆಯ ಸಂಗ್ರಹಾಲಯವೇ 2022ರಲ್ಲಿ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ವಿಲೀನವಾಗಿದೆ.

ಹಾಗಾಗಿ ಕೆಲಸ ಊರಿನದೇ. 1965ರ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ಅದರ ಒಂದು ಪಾಲಿನಿಂದ ಶಾಖಾ ಗ್ರಂಥಾಲಯದಲ್ಲಿ ಪರದೆ, ಪ್ರೊಜೆಕ್ಟರು, ಎರಡು ಹಾರ್ಡ್‌ಡಿಸ್ಕುಗಳನ್ನು ಇಡುವುದು ಅಸಾಧ್ಯವೇ? ಪುಸ್ತಕಗಳೇ ಸಕಾಲಕ್ಕೆ ಬಾರದ ಗ್ರಂಥಾಲಯಗಳಲ್ಲಿ ಸಿನಿಮಾದ ಮಾತೇ ಎಂದು ಓದುಗರು ನಗಬಹುದು; ನಗುವುದಕ್ಕೆ ಕಾರಣವೂ ಇದೆ. ಹಕ್ಕುಸ್ವಾಮ್ಯದ ತೊಡಕಂತೂ ಅಂದುಕೊಂಡಷ್ಟಿಲ್ಲ. ನಮ್ಮ ಕಾನೂನಿನಂತೆ ಚಲನಚಿತ್ರದ ಹಕ್ಕು 60 ವರ್ಷ ಮಾತ್ರ. 1954ರ ‘ಬೇಡರ ಕಣ್ಣಪ್ಪ’ ಆ ಗಡಿ ದಾಟಿ ವರ್ಷಗಳಾದವು. ಶಾಲಾ ಮಕ್ಕಳಿಗೆ ರಜೆಯ ಶಿಬಿರ ಮಾಡಿ, ಮನೆಯಲ್ಲಿರುವ ಫೋನಿನಲ್ಲೇ ತಮ್ಮ ಊರಿನ ಕಮ್ಮಾರನನ್ನೋ ಬುಟ್ಟಿ ಹೆಣೆಯುವವರನ್ನೋ ಐದು ನಿಮಿಷ ಚಿತ್ರಿಸಲು ಕಲಿಸಿದರೆ ಭಂಡಾರಕ್ಕೆ ಹೊಸ ಸೇರ್ಪಡೆಯೂ ಆಗುತ್ತದೆ.

ಕ್ಯಾಸೆಟ್ಟುಗಳ ವಿಷಯದಲ್ಲಿ ಮಾತ್ರ ಕಾಯುವಂತಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನೈ, 2016ರ ಜುಲೈನಲ್ಲೇ ಆ ಕೆಲಸ ನಿಲ್ಲಿಸಿತು. ಉಳಿದಿರುವ ಯಂತ್ರಗಳನ್ನೂ ಅವುಗಳ ಹೆಡ್ ಶುಚಿ ಮಾಡಬಲ್ಲ ಹಳೆಯ ಮೆಕ್ಯಾನಿಕ್‌ಗಳನ್ನೂ ಈಗಲೇ ಹುಡುಕಬೇಕು.